‘ಆಕಸ್ಮಿಕ’ವೆಂಬ ಪದ: ದಾರಿಯೋ ಫೋವಿನ ಒಂದು ಪ್ರಹಸನ

ಸಂಸ್ಕೃತದಲ್ಲಿ ‘ಕಸ್ಮಾತ್’ ಎಂಬುದು ಪಂಚಮೀ ವಿಭಕ್ತಿಯ ಪ್ರಶ್ನೆ. ‘ಯಾವುದರಿಂದ, ಯಾವ ಕಾರಣದಿಂದ’ ಎಂದು ಅದರ ಅರ್ಥ. ಅದಕ್ಕೆ ನಿಷೇಧಾರ್ಥದ ಅಕಾರವು ಸೇರಿದರೆ ‘ಅಕಸ್ಮಾತ್’ ಎಂದಾಗುತ್ತದೆ. ಯಾವುದರಿಂದಲೂ ಅಲ್ಲದೆ ತಾನಾಗಿ ಆದುದು ಎಂದು ತಾತ್ಪರ್ಯ. ಕನ್ನಡದ ನಿತ್ಯವ್ಯವಹಾರದಲ್ಲಿ ‘ಆಕಸ್ಮಿಕ’ ಎನ್ನುವಾಗ ಈ ವ್ಯುತ್ಪತ್ತಿಯನ್ನು ಯಾರೂ ನೆನೆಯುವುದಿಲ್ಲ. ಠಾಣೆಯ ವರದಿಯಲ್ಲಿಯೂ ವೃತ್ತಪತ್ರಿಕೆಯ ಸುದ್ದಿಯಲ್ಲಿಯೂ ಅದು ಸವಕಲಾದ ಪದ. ಆದರೆ ಮನುಷ್ಯನೊಬ್ಬನು ಸರ್ಕಾರದ ವಶದಲ್ಲಿರುವಾಗ ಸತ್ತು, ಆ ಮರಣವನ್ನು ಸರ್ಕಾರವೇ ಆಕಸ್ಮಿಕವೆಂದು ಬರೆದಿಟ್ಟಾಗ, ಪದದ ಮೂಲಾರ್ಥವು ಮತ್ತೆ ತಲೆಯೆತ್ತುತ್ತದೆ. ‘ಕಸ್ಮಾತ್’ ಎಂದು ಯಾರೂ ಕೇಳತಕ್ಕದ್ದಲ್ಲವೆಂಬ ಆಜ್ಞೆಯೇ ಆಗ ಅದರೊಳಗೆ ಅಡಗಿರುತ್ತದೆ. ಇಟಲಿಯ ನಾಟಕಕಾರನಾದ ದಾರಿಯೋ ಫೋ (1926–2016) 1970ರಲ್ಲಿ ರಚಿಸಿದ ‘ಅರಾಜಕವಾದಿಯೊಬ್ಬನ ಆಕಸ್ಮಿಕ ಮರಣ’ ಎಂಬ ಪ್ರಹಸನವು ಈ ಒಂದು ಪದದ ಮೇಲೆ ನಿಂತ ಕೃತಿಯೆಂದರೆ ತಪ್ಪಾಗದು. ಲ್ಯಾಟಿನ್ ಮೂಲದ ಇಟಾಲಿಯನ್ ಪದದಲ್ಲಿ ಬೇರೊಂದು ಸ್ವಾರಸ್ಯವೂ ಉಂಟು. ಅದು ‘ಬೀಳು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ನಾಟಕದಲ್ಲಿ ಸತ್ತವನು ಕಿಟಕಿಯಿಂದ ಬಿದ್ದವನು. ಕನ್ನಡಕ್ಕೆ ಬರುವಾಗ ಆ ಶ್ಲೇಷವು ನಷ್ಟವಾಗುತ್ತದೆ, ‘ಕಸ್ಮಾತ್’ ಲಾಭವಾಗುತ್ತದೆ.

ನಾಟಕಕ್ಕೆ ಆಧಾರವಾದ ವೃತ್ತಾಂತವು ಹೀಗಿದೆ. 1969ನೆಯ ಡಿಸೆಂಬರ್ 12ರಂದು ಮಿಲಾನ್ ನಗರದ ಫೊಂತಾನಾ ಚೌಕದಲ್ಲಿರುವ ಕೃಷಿ ಬ್ಯಾಂಕಿನಲ್ಲಿ ಬಾಂಬು ಸಿಡಿದು 17 ಮಂದಿ ಸತ್ತರು; 80ಕ್ಕೂ ಮಿಕ್ಕಿ ಜನರು ಗಾಯಗೊಂಡರು. ಪೋಲೀಸರ ಸಂಶಯವು ಮೊದಲು ಅರಾಜಕವಾದಿಗಳ ಮೇಲೆ ತಿರುಗಿತು. ಜುಸೆಪ್ಪೆ ಪಿನೆಲ್ಲಿಯೆಂಬ ರೈಲ್ವೆ ನೌಕರನನ್ನು ಅದೇ ಸಂಜೆ ವಿಚಾರಣೆಗೆಂದು ಕರೆದರು; ಅವನು ಪೋಲೀಸರ ಗಾಡಿಯ ಹಿಂದೆ ತನ್ನ ಪುಟ್ಟ ಮೋಟಾರುಬಂಡಿಯನ್ನು ತಾನೇ ನಡೆಯಿಸಿಕೊಂಡು ಹೋದನು. 15ನೆಯ ತಾರೀಖಿನ ನಡುರಾತ್ರಿಯ ಸುಮಾರಿಗೆ ಪೋಲೀಸು ಮುಖ್ಯಕಛೇರಿಯ ನಾಲ್ಕನೆಯ ಅಂತಸ್ತಿನ ಕಿಟಕಿಯಿಂದ ಅಂಗಳಕ್ಕೆ ಬಿದ್ದು ಸತ್ತನು. ವಯಸ್ಸು 41, ಇಬ್ಬರು ಹೆಣ್ಣುಮಕ್ಕಳ ತಂದೆ. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದ 13ನೆಯ ವಿಧಿಯ ಪ್ರಕಾರ, ಪೋಲೀಸರು ಯಾರನ್ನಾದರೂ ಹಿಡಿದರೆ 48 ಗಂಟೆಗಳೊಳಗೆ ನ್ಯಾಯಾಧೀಶರಿಗೆ ತಿಳಿಸತಕ್ಕದ್ದು. ಬಂಧಿತರ ದೇಹಕ್ಕಾಗಲಿ ಮನಸ್ಸಿಗಾಗಲಿ ಹಿಂಸೆ ಮಾಡಿದವರು ಶಿಕ್ಷಾರ್ಹರು. (ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಭಾರತದ ಸಂವಿಧಾನದ 22ನೆಯ ವಿಧಿಯು ಇದೇ ಜಾತಿಯ ಕಟ್ಟಳೆ.) ಪಿನೆಲ್ಲಿ ಬೀಳುವ ಹೊತ್ತಿಗೆ ಆ ಅವಧಿಯು ಕಳೆದು ಒಂದು ದಿನಕ್ಕಿಂತ ಹೆಚ್ಚಾಗಿತ್ತು.

ಅವನ ನಿರಪರಾಧಿತ್ವದ ಸಾಕ್ಷ್ಯವು ಕುಸಿದುಬಿದ್ದುದರಿಂದ ಅವನು ಆತ್ಮಹತ್ಯೆ ಮಾಡಿಕೊಂಡನೆಂದು ನಗರದ ಪೋಲೀಸು ಮುಖ್ಯಾಧಿಕಾರಿಯಾದ ಮಾರ್ಚೆಲ್ಲೋ ಗ್ವೀದಾ ಆ ರಾತ್ರಿಯೇ ಪತ್ರಿಕೆಯವರಿಗೆ ತಿಳಿಸಿದನು. ಈ ಗ್ವೀದಾ ಫ್ಯಾಸಿಸ್ಟರ ಆಳ್ವಿಕೆಯಲ್ಲಿ ವೆಂತೊತೇನೆ ದ್ವೀಪದಲ್ಲಿದ್ದ ರಾಜಕೀಯ ಬಂದಿಗಳ ನೆಲೆಗೆ ಮುಖ್ಯಸ್ಥನಾಗಿದ್ದವನು. ದೊರೆತನ ಹೋಗಿ ಪ್ರಜಾರಾಜ್ಯವು ಬಂದಿದ್ದಿತು. ಕುರ್ಚಿಯಲ್ಲಿ ಕುಳಿತವರು ಎಲ್ಲರೂ ಬದಲಾಗಿರಲಿಲ್ಲ. 1970ರಲ್ಲಿ ಮೊದಲನೆಯ ನ್ಯಾಯವಿಚಾರಣೆಯು ಮರಣವನ್ನು ಆಕಸ್ಮಿಕವೆಂದೆಣಿಸಿ ಕಡತವನ್ನು ಮುಚ್ಚಿತು. ಫೋ ತನ್ನ ನಾಟಕದ ಹೆಸರನ್ನು ಎತ್ತಿಕೊಂಡುದು ಇಂತಹ ಕಡತದ ಭಾಷೆಯಿಂದ.

ಜನರು ಸುಮ್ಮನಿರಲಿಲ್ಲ. ‘ಲೋತ್ತಾ ಕೊಂತಿನುವಾ’ ಎಂಬ ಎಡಪಂಥದ ಪತ್ರಿಕೆಯು, ವಿಚಾರಣೆಯನ್ನು ನಡೆಯಿಸುತ್ತಿದ್ದ ಲೂಯಿಜಿ ಕಲಾಬ್ರೇಸಿಯೆಂಬ ಅಧಿಕಾರಿಯನ್ನು ಹೆಸರು ಹಿಡಿದು ಕೊಲೆಗಾರನೆಂದು ಕರೆಯಿತು. ಅಧಿಕಾರಿಯು ಮಾನನಷ್ಟದ ಮೊಕದ್ದಮೆಯನ್ನು ಹೂಡಿದನು. ಇಲ್ಲಿಯೇ ಒಂದು ವಿಪರ್ಯಾಸವುಂಟಾಯಿತು. ಸತ್ತವನ ಪ್ರಾಣಕ್ಕಾಗಿ ತೆರೆಯದ ನ್ಯಾಯಾಲಯದ ಬಾಗಿಲು ಬದುಕಿದ್ದವನ ಮಾನಕ್ಕಾಗಿ ತೆರೆಯಿತು. 1970ರ ಅಕ್ಟೋಬರಿನಲ್ಲಿ ಮೊದಲಾದ ಆ ವಿಚಾರಣೆಯಲ್ಲಿ ಪೋಲೀಸರು ಜನರ ಎದುರಿಗೆ ನಿಂತು ಹೇಳಿಕೆ ಕೊಡಬೇಕಾಯಿತು, ಹೇಳಿಕೆಗಳು ಒಂದಕ್ಕೊಂದು ಹೊಂದಲಿಲ್ಲ. ನಾಟಕವು ರಂಗವನ್ನೇರಿದುದು ಅದೇ ಡಿಸೆಂಬರಿನಲ್ಲಿ. ಬಾಂಬು ಸಿಡಿದು ವರ್ಷ ತುಂಬಿದ ದಿನ, ಎಂದರೆ 1970ರ ಡಿಸೆಂಬರ್ 12ರಂದು, ಮಿಲಾನಿನ ಬೀದಿಗಳಲ್ಲಿ ಪ್ರತಿಭಟನೆ ನಡೆದಾಗ ಪೋಲೀಸರ ಅಶ್ರುವಾಯುವಿನ ಗುಂಡು ಎದೆಗೆ ತಗುಲಿ ಸವೇರಿಯೋ ಸಾಲ್ತರೆಲ್ಲಿಯೆಂಬ ವಿದ್ಯಾರ್ಥಿಯು ಸತ್ತನು. ಇಂತಹ ದಿನಗಳಲ್ಲಿ, ಇಂತಹ ವಿಷಯವನ್ನು ಕುರಿತು, ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರೆಂಬುದು ವಿಚಾರ ಮಾಡತಕ್ಕ ಸಂಗತಿ.

ನಾಟಕದ ಪ್ರಸ್ತಾವನೆಯಲ್ಲಿಯೇ ಕವಿಯ ಕಿಡಿಗೇಡಿತನವು ಕಾಣುತ್ತದೆ. 1920ರಲ್ಲಿ ನ್ಯೂಯಾರ್ಕಿನಲ್ಲಿ ಸರ್ಕಾರದ ವಶದಲ್ಲಿದ್ದ ಆಂದ್ರೆಯಾ ಸಾಲ್ಸೇದೊ ಎಂಬ ಇಟಲಿಯ ಅರಾಜಕವಾದಿಯು 14ನೆಯ ಅಂತಸ್ತಿನಿಂದ ಬಿದ್ದು ಸತ್ತಿದ್ದನು. ಇದು ಆ ಕಥೆಯೇ. ನಾಟಕದ ಅನುಕೂಲಕ್ಕಾಗಿ ಇಟಲಿಗೆ ತಂದಿದೆ, ಅಷ್ಟೆ ಎಂದು ಫೋ ಹೇಳಿಸುತ್ತಾನೆ. ಮೊಕದ್ದಮೆಯ ಭಯವೂ ಇದಕ್ಕೆ ಕಾರಣವಾಗಿರಬಹುದು. ಆದರೆ ಇದರಿಂದ ಬೇರೊಂದು ಪ್ರಯೋಜನವೂ ಒದಗಿದೆ: ಐವತ್ತು ವರ್ಷಗಳ ಅಂತರದಲ್ಲಿ, ಎರಡು ದೇಶಗಳಲ್ಲಿ, ಒಂದೇ ಬಗೆಯ ಕಿಟಕಿಯಿಂದ ಒಂದೇ ಮತದ ಇಬ್ಬರು ‘ಅಕಸ್ಮಾತ್ತಾಗಿ’ ಬಿದ್ದರೆಂದ ಮೇಲೆ, ಅಕಸ್ಮಾತ್ತಿಗೂ ಒಂದು ಅಭ್ಯಾಸವಿರುವಂತೆ ತೋರುತ್ತದೆಯಲ್ಲವೆ!

ಕಥೆಯು ಸರಳವಾದುದು. ಪರವೇಷ ಧರಿಸಿ ಜನರನ್ನು ವಂಚಿಸಿದನೆಂದು ಹುಚ್ಚನೊಬ್ಬನನ್ನು ಪೋಲೀಸರು ಹಿಡಿದು ತಂದಿದ್ದಾರೆ. ಕಾಣುವ ಪಾತ್ರಗಳನ್ನೆಲ್ಲ ತಾನೇ ಆಡಬೇಕೆಂಬುದು ಅವನ ರೋಗ. ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಅವನಲ್ಲಿದೆ. ಅರಾಜಕವಾದಿಯ ಸಾವನ್ನು ಪುನಃ ವಿಚಾರಿಸಲು ರೋಮಿನಿಂದ ನ್ಯಾಯಾಧೀಶರೊಬ್ಬರು ಬರಲಿದ್ದಾರೆಂದು ಠಾಣೆಯ ಟೆಲಿಫೋನಿನಲ್ಲಿ ತಿಳಿದು, ಅವನು ತಾನೇ ಆ ನ್ಯಾಯಾಧೀಶನಾಗಿ ಮೇಲಿನ ಅಂತಸ್ತಿಗೆ ಹೋಗುತ್ತಾನೆ. ಅಧಿಕಾರಿಗಳು ನಡುಗುತ್ತಾರೆ. ಅವನು ಅವರನ್ನು ದೂಷಿಸುವುದಿಲ್ಲ. ನೆರವಾಗಲು ಬಂದವನಂತೆ ನಟಿಸುತ್ತಾನೆ. ‘ನಿಮ್ಮ ಹೇಳಿಕೆ ಬಿಗಿಯಾಗಿಲ್ಲ, ಸರಿಪಡಿಸೋಣ’ ಎಂಬುದು ಅವನ ಧೋರಣೆ. ಬಂಧಿತನು ಹತಾಶನಾಗಿ ಹಾರಿದನೆಂದು ಹೇಳಿದ್ದೀರಿ. ಹತಾಶೆಗೂ ಹಾರಿಕೆಗೂ ನಡುವೆ ನಾಲ್ಕು ಗಂಟೆ ಕಳೆದಿದೆ. ಹಾಗಾದರೆ ಆ ನಾಲ್ಕು ಗಂಟೆ ಏನು ಮಾಡಿದಿರಿ? ಡಿಸೆಂಬರಿನ ನಡುರಾತ್ರಿ ಕಿಟಕಿ ತೆರೆದಿದ್ದುದೇಕೆ? ಪ್ರಶ್ನೆಯೊಂದು ಬಂದಂತೆ ಕಥೆಯೂ ಒಂದು ಹುಟ್ಟುತ್ತದೆ. ಕೊನೆಗೆ, ಬಂಧಿತನ ದುಃಖವನ್ನು ಮರೆಯಿಸಲು ತಾವೆಲ್ಲರೂ ಅವನೊಡನೆ ಸೇರಿ ಅವನ ಪಂಥದ ಹಾಡನ್ನೇ ಹಾಡಿದೆವೆಂದು ಅಧಿಕಾರಿಗಳು ಒಪ್ಪಿ, ಹುಚ್ಚನ ಮುಂದೆ ಅದನ್ನು ಹಾಡಿಯೂ ತೋರಿಸುತ್ತಾರೆ.

ಈ ರಚನೆಯ ಹೊಸತನವನ್ನು ಚೆನ್ನಾಗಿ ಗಮನಿಸಬೇಕು. ಪೋಲೀಸರ ಕ್ರೌರ್ಯವನ್ನು ವಸ್ತುವಾಗಿ ಉಳ್ಳ ಕೃತಿಗಳು ಸಾಮಾನ್ಯವಾಗಿ ಏಟು, ರಕ್ತ, ಕೂಗುಗಳನ್ನು ರಂಗದ ಮೇಲೆ ತಂದು ಕರುಣವನ್ನೂ ರೌದ್ರವನ್ನೂ ಪೋಷಿಸುತ್ತವೆ. ಇಲ್ಲಿ ಒಂದು ಏಟೂ ಕಾಣುವುದಿಲ್ಲ. ಸತ್ತವನು ನಾಟಕದಲ್ಲಿಲ್ಲ, ಅವನ ಹೆಸರೂ ಇಲ್ಲ, ಅವನ ಪರವಾದ ಸಾಕ್ಷಿಯೂ ಇಲ್ಲ. ಇರುವುದು ಪೋಲೀಸರ ವಾಕ್ಯಗಳು ಮಾತ್ರ. ಆ ವಾಕ್ಯಗಳನ್ನು ಗಂಭೀರವಾಗಿ ಒಪ್ಪಿಕೊಂಡು, ಅವುಗಳ ಅನ್ವಯವನ್ನು ಕೊನೆಯವರೆಗೆ ಎಳೆದರೆ ಸಾಕು. ಸುಳ್ಳು ತಾನಾಗಿ ಬೆತ್ತಲೆಯಾಗುತ್ತದೆ. ಭರತನು ಹಾಸ್ಯಕ್ಕೆ ವಿಭಾವಗಳನ್ನು ಹೇಳುವಾಗ ವಿಕೃತವೇಷದೊಡನೆ ಅಸತ್ಪ್ರಲಾಪ, ದೋಷೋದಾಹರಣಗಳನ್ನೂ ಎಣಿಸಿದ್ದಾನೆ. ಹುಚ್ಚನದು ವಿಕೃತವೇಷ, ಅಧಿಕಾರಿಗಳದು ಅಸತ್ಪ್ರಲಾಪ, ಇವೆರಡೂ ಸಂಧಿಸಿದಲ್ಲಿ ದೋಷವು ಉದಾಹೃತವಾಗುತ್ತದೆ. ಹುಚ್ಚನು ಕೇಳುವುದೆಲ್ಲ ಒಂದೇ, ‘ಕಸ್ಮಾತ್?’ ಎಂಬುದು, ಆ ಕಛೇರಿಯಲ್ಲಿ ಹಾಗೆ ಕೇಳಲು ಹುಚ್ಚನೇ ಬೇಕಾಯಿತು.

ಪ್ರಹಸನದಲ್ಲಿ ಹುಚ್ಚನಿಗೆ ಈ ಅಧಿಕಾರವು ಹೊಸದಲ್ಲ. ಏಳನೆಯ ಶತಮಾನದ ಪಲ್ಲವ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕಾಪಾಲಿಕನು ತನ್ನ ಕಪಾಲವನ್ನು ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳವು ಹೊರಿಸುತ್ತಾನೆ. ಧರ್ಮಾಧಿಕರಣಕ್ಕೆ ಹೋಗೋಣವೆಂಬ ಮಾತು ಬಂದಾಗ, ವಿಹಾರದ ಐಶ್ವರ್ಯದಿಂದ ಅಧಿಕಾರಿಗಳ ಬಾಯಿ ಮುಚ್ಚಿಸಬಹುದಾದವರ ಎದುರಿಗೆ ಬಡ ಕಾಪಾಲಿಕರ ಗತಿಯೇನೆಂದು ಅವನ ಸಂಗಾತಿಯು ಹಿಂಜರಿಯುತ್ತಾಳೆ. ವಾದದಿಂದ ಬಗೆಹರಿಯದ ಜಗಳವನ್ನು ಬಗೆಹರಿಸುವವನು ಅಲ್ಲಿಯೂ ಒಬ್ಬ ಉನ್ಮತ್ತ. ನಾಯಿಯ ಬಾಯಿಂದ ಕಿತ್ತುಕೊಂಡ ಕಪಾಲವು ಅವನ ಕೈಯಲ್ಲಿದೆ. ಆದರೆ ಎರಡಕ್ಕೂ ಇರುವ ಭೇದವು ಸಾಮ್ಯಕ್ಕಿಂತ ಮುಖ್ಯವಾದುದು. ಮಹೇಂದ್ರವರ್ಮನು ಸ್ವತಃ ದೊರೆ. ಅವನ ಉನ್ಮತ್ತನು ಸತ್ಯವನ್ನು ತಿಳಿಯದೆ ತರುತ್ತಾನೆ, ಕಪಾಲವು ಸಿಕ್ಕಿದೊಡನೆ ಎಲ್ಲರೂ ಸಮಾಧಾನವಾಗುತ್ತಾರೆ. ಫೋವಿನ ಹುಚ್ಚನು ಎಲ್ಲವನ್ನೂ ತಿಳಿದವನು. ಅವನು ಹಿಂದಕ್ಕೆ ತರಬಹುದಾದ ವಸ್ತುವೇನೂ ಇಲ್ಲ.

ವಸ್ತುವೆಂದಾಗ ನಾಟಕದ ಅತ್ಯಂತ ಪ್ರಸಿದ್ಧವಾದ ಸನ್ನಿವೇಶವನ್ನು ನೆನೆಯಬೇಕು. ಬೀಳುತ್ತಿದ್ದವನನ್ನು ಉಳಿಸಲು ಕಾಲು ಹಿಡಿದೆ, ಪಾದರಕ್ಷೆ ಕೈಗೆ ಬಂತು ಎಂದು ಪೇದೆಯು ಸಾಧಿಸುತ್ತಾನೆ. ಆದರೆ ಅಂಗಳದಲ್ಲಿ ಬಿದ್ದವನ ಎರಡು ಕಾಲಿಗೂ ಪಾದರಕ್ಷೆಗಳಿದ್ದವು. ಹಾಗಾದರೆ ಅರಾಜಕವಾದಿಗೆ ಮೂರು ಕಾಲಿತ್ತೆ? ಅಲ್ಲ, ಒಂದರ ಮೇಲೊಂದು ತೊಟ್ಟಿದ್ದನೆ? ಅಧಿಕಾರಿಗಳು ಎರಡನೆಯ ಪಕ್ಷವನ್ನು ಹಿಡಿಯುತ್ತಾರೆ: ಪಾದರಕ್ಷೆಯ ಮೇಲೆ ರಬ್ಬರಿನ ಹೊರಜೋಡು ಇದ್ದಿರಬೇಕು! ನಗು ಇಲ್ಲಿ ಪರಾಕಾಷ್ಠೆಗೆ ಏರುತ್ತದೆ. ಆದರೂ ನಕ್ಕ ಮರುಕ್ಷಣದಲ್ಲಿ ಸಹೃದಯನಿಗೆ ಆ ಎರಡು ಕಾಲುಗಳು ಕಾಣುತ್ತವೆ. ನಾಟಕದಲ್ಲಿ ಎಲ್ಲಿಯೂ ಕಾಣಿಸದ ಶವವು, ಈ ಪಾದರಕ್ಷೆಯ ಲೆಕ್ಕದ ನಡುವೆ, ಒಂದು ನಿಮಿಷ ರಂಗದ ಮೇಲೆ ಮಲಗಿರುತ್ತದೆ. ಇಡೀ ಕೃತಿಯಲ್ಲಿ ಹಾಸ್ಯವು ಕರುಣವನ್ನು ಮುಟ್ಟಿದ ಸ್ಥಾನ ಇದೊಂದೇ ಎಂದು ಹೇಳಬಹುದು. ಚಲಚ್ಚಿತ್ರಕಾರನಾದ ಎಲಿಯೋ ಪೆತ್ರಿಯೂ 1970ರಲ್ಲಿಯೇ ಪೋಲೀಸರ ಹೇಳಿಕೆಗಳನ್ನು ನಟರಿಂದ ಒಂದೊಂದಾಗಿ ಆಡಿಸಿ, ದೇಹಗಳು ಹಾಗೆ ಚಲಿಸಲಾರವೆಂದು ತೋರಿಸಿದನು. ಅದು ಪ್ರಾಮಾಣಿಕವಾದ, ಶುಷ್ಕವಾದ ಕೆಲಸ. ಅದೇ ವಾದವನ್ನು ಫೋ ಒಂದು ಜೊತೆ ಪಾದರಕ್ಷೆಯಲ್ಲಿ ಮುಗಿಸಿದ್ದಾನೆ.

ಎರಡನೆಯ ಅಂಕದಲ್ಲಿ ಪತ್ರಿಕೆಯ ಲೇಖಕಿಯೊಬ್ಬಳು ಬರುತ್ತಾಳೆ. ಹುಚ್ಚನು ವೇಷದ ಮೇಲೆ ವೇಷ ಹಾಕುತ್ತಾನೆ. ಕೃತಕ ಕೈ, ಗಾಜಿನ ಕಣ್ಣು, ಕೊನೆಗೆ ಬಿಷಪ್ಪನ ನಿಲುವಂಗಿ. ಈ ಭಾಗದಲ್ಲಿ ಆಟವು ಅಗತ್ಯಕ್ಕಿಂತ ಹೆಚ್ಚಾಯಿತೆನ್ನಬೇಕು. ಕೃತಕ ಕೈ ಕಳಚಿ ಬೀಳುವ ಹಾಸ್ಯವು ಯಾವ ಪ್ರಹಸನದಲ್ಲಿಯಾದರೂ ಸಲ್ಲುವಂತಹುದು. ಆದರೆ ನಾಟಕದ ತಿರುಳೂ ಇಲ್ಲಿಯೇ ಇದೆ. ಈ ಸತ್ಯವೆಲ್ಲ ಹೊರಬಿದ್ದರೆ ದೊಡ್ಡ ಹಗರಣವಾಗಿ ನ್ಯಾಯವು ದೊರೆಯುವುದೆಂದು ಲೇಖಕಿಯು ನಂಬಿದ್ದಾಳೆ. ಹುಚ್ಚನು ಅದನ್ನು ಒಪ್ಪುವುದಿಲ್ಲ. ಹಗರಣವು ಪ್ರಜಾರಾಜ್ಯಕ್ಕೆ ಶತ್ರುವಲ್ಲ, ಗೊಬ್ಬರ ಎಂಬುದು ಅವನ ಸಿದ್ಧಾಂತ. ಜನರು ಕೋಪಗೊಳ್ಳುತ್ತಾರೆ, ಕೂಗುತ್ತಾರೆ, ಒಂದು ತೇಗು ತೇಗಿದಂತಾಗಿ ಹೊಟ್ಟೆ ಹಗುರವಾಗುತ್ತದೆ. ‘ನೋಡಿ, ನಮ್ಮಲ್ಲಿ ಎಲ್ಲವನ್ನೂ ಬಯಲಿಗೆಳೆಯಬಹುದು’ ಎಂದು ರಾಜ್ಯವು ಎದೆಯುಬ್ಬಿಸುತ್ತದೆ. ಕಿಟಕಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ದಬ್ಬಾಳಿಕೆಯ ರಾಜ್ಯವು ಪ್ರತಿಭಟನೆಯನ್ನು ಅಡಗಿಸುತ್ತದೆ, ಪ್ರಜಾರಾಜ್ಯವು ಅದನ್ನು ಜೀರ್ಣಿಸಿಕೊಳ್ಳುತ್ತದೆ ಎಂದು ಇದರ ನಿಷ್ಕರ್ಷೆ.

ಈ ಮಾತು ನಾಟಕಕಾರನಿಗೂ ತಗಲುವಂತಹುದು. ಅವನ ಪ್ರಹಸನವೂ ಒಂದು ತೇಗಲ್ಲವೆ? ಪೋಲೀಸರನ್ನು ನೋಡಿ ನಕ್ಕು ಮನೆಗೆ ಹೋದ ಪ್ರೇಕ್ಷಕನಿಗೂ ಹೊಟ್ಟೆ ಹಗುರವಾಗಿರುವುದಿಲ್ಲವೆ? ಫೋ ಈ ಆಕ್ಷೇಪವನ್ನು ಅರಿತಿದ್ದನು. ಆಟ ಮುಗಿದಮೇಲೆ ಪ್ರೇಕ್ಷಕರನ್ನು ಕಳುಹಿಸದೆ ಅವರೊಡನೆ ಚರ್ಚೆ ನಡೆಯಿಸುತ್ತಿದ್ದನು. ನ್ಯಾಯಾಲಯದಲ್ಲಿ ಹೊಸ ಹೇಳಿಕೆ ಬಂದರೆ ನಾಟಕದ ಮಾತುಗಳನ್ನೂ ತಿದ್ದುತ್ತಿದ್ದನು. ಆದುದರಿಂದ ಈ ಕೃತಿಗೆ ಸ್ಥಿರವಾದ ಒಂದು ಪಾಠವಿಲ್ಲವೆಂಬುದನ್ನು ಪಾಠನಿರ್ಣಯದಲ್ಲಿ ಆಸಕ್ತರಾದವರು ಮರೆಯಬಾರದು.

ಆದರೂ ಹುಚ್ಚನ ಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪಲಾಗುವುದಿಲ್ಲ. ಮುಂದೆ ನಡೆದ ಸಂಗತಿಗಳೇ ಅದಕ್ಕೆ ಅಡ್ಡಬರುತ್ತವೆ. ಪಿನೆಲ್ಲಿಯ ಹೆಂಡತಿ 1971ರಲ್ಲಿ ಕೊಟ್ಟ ದೂರಿನ ಮೇಲೆ ಮುಚ್ಚಿದ ಕಡತವು ಮತ್ತೆ ತೆರೆಯಿತು. 1975ರಲ್ಲಿ ನ್ಯಾಯಾಧೀಶ ಜೆರಾರ್ದೋ ದಾಂಬ್ರೋಸಿಯೋ ಆತ್ಮಹತ್ಯೆಯೂ ಅಲ್ಲ, ಕೊಲೆಯೂ ಅಲ್ಲ ಎಂದು ತೀರ್ಮಾನಿಸಿದನು. ಬಾಂಬಿಗೆ ಅರಾಜಕವಾದಿಗಳು ಹೊಣೆಯಲ್ಲವೆಂಬುದು ಕಾಲಕ್ರಮದಲ್ಲಿ ಸ್ಥಿರವಾಗಿ, 2005ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯವು ಅದು ಬಲಪಂಥದ ಗುಂಪಿನ ಕೃತ್ಯವೆಂದು ಹೇಳಿತು. ಆದರೆ ಆರೋಪಿಗಳಾಗಿದ್ದವರು ಹಿಂದೆಯೇ ಬಿಡುಗಡೆ ಹೊಂದಿದ್ದುದರಿಂದ ಅವರನ್ನು ಪುನಃ ವಿಚಾರಿಸುವಂತಿರಲಿಲ್ಲ. 2009ರಲ್ಲಿ ರಾಷ್ಟ್ರಾಧ್ಯಕ್ಷ ಜೋರ್ಜೋ ನಪೊಲಿತಾನೊ ಪಿನೆಲ್ಲಿಯ ಹೆಂಡತಿಯನ್ನು ತನ್ನ ಅರಮನೆಗೆ ಬರಮಾಡಿಕೊಂಡು ಸತ್ತವನಿಗೆ ಗೌರವ ಸಲ್ಲಿಸಿದನು. ತಪ್ಪಿತಸ್ಥನಾಗಿ ಸತ್ತನೆಂದು ಆ ಮೊದಲ ರಾತ್ರಿ ಸಾರಿದ ರಾಜ್ಯವೇ ನಲವತ್ತು ವರ್ಷಗಳ ಮೇಲೆ ಅವನ ನಿರ್ದೋಷವನ್ನು ಒಪ್ಪಿತು. ಕೂಗಿದವರು ಇಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ. ಇದನ್ನು ತೇಗೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ 1975ರ ತೀರ್ಮಾನದ ಭಾಷೆಯನ್ನು ನೋಡಿದರೆ ಹುಚ್ಚನ ಮಾತಿನ ಇನ್ನರ್ಧವು ನಿಜವೆಂದು ತೋರುತ್ತದೆ. ದೇಹಕ್ಕೆ ಒಮ್ಮೆಲೇ ಒಂದು ಬಗೆಯ ‘ಸಕ್ರಿಯ ಅಸ್ವಸ್ಥತೆ’ ಉಂಟಾಗಿ, ತೋಲ ತಪ್ಪಿ, ಅದು ತಾನೇ ಕಿಟಕಿಯಾಚೆಗೆ ಹೋಯಿತು! ಕ್ರಿಯೆಯುಂಟು, ಕರ್ತೃವಿಲ್ಲ. ‘ಕಸ್ಮಾತ್’ ಎಂಬುದಕ್ಕೆ ಆರು ವರ್ಷಗಳ ಮೇಲೆ ಬಂದ ಉತ್ತರವು ‘ಅಕಸ್ಮಾತ್’ ಎಂಬುದರ ಭಾಷ್ಯವಷ್ಟೇ ಆಯಿತು.

ನಾಟಕದ ದೋಷವನ್ನೂ ಮರೆಮಾಚದೆ ಹೇಳಬೇಕು. ಹಾಸ್ಯಾಸ್ಪದನೂ ಭಯಂಕರನೂ ಏಕಕಾಲದಲ್ಲಿ ಆದ ಅಧಿಕಾರಸ್ಥನನ್ನು ಚಿತ್ರಿಸಿದುದರಲ್ಲಿ ಶೂದ್ರಕನನ್ನು ಮೀರಿಸಿದವರು ವಿರಳ. ‘ಮೃಚ್ಛಕಟಿಕ’ದ ಶಕಾರನು ರಾಮಾಯಣ ಭಾರತಗಳನ್ನು ಕಲಸಿ ಮಾತನಾಡುವ ಮೂಢ, ಪ್ರೇಕ್ಷಕರು ಅವನನ್ನು ನೋಡಿ ನಗುತ್ತಿರುವಾಗಲೇ ಅವನು ವಸಂತಸೇನೆಯ ಕೊರಳನ್ನು ಹಿಸುಕುತ್ತಾನೆ. ಒಂಬತ್ತನೆಯ ಅಂಕದಲ್ಲಿ ಅದೇ ಶಕಾರನು ನ್ಯಾಯಸಭೆಗೆ ಬಂದು ಚಾರುದತ್ತನ ಮೇಲೆ ಕೊಲೆಯನ್ನು ಹೊರಿಸಿದಾಗ, ಅಧಿಕರಣಿಕನಿಗೆ ಅವನ ಸ್ವಭಾವ ತಿಳಿದಿದ್ದರೂ ರಾಜನ ಮೈದುನನೆಂಬ ಭಯವು ಬಿಡುವುದಿಲ್ಲ. ಅಲ್ಲಿ ಶಕಾರನು ಒಬ್ಬ ವ್ಯಕ್ತಿ, ನ್ಯಾಯಸಭೆಯು ಒಂದು ಸಂಸ್ಥೆ. ಎರಡನ್ನೂ ಶೂದ್ರಕನು ಬೇರೆ ಬೇರೆಯಾಗಿ ತೂಗಿದ್ದಾನೆ. ಫೋವಿನಲ್ಲಿ ಈ ವಿವೇಕವು ಕೆಲವೆಡೆ ಸಡಲಿದೆ. ಅವನ ಅಧಿಕಾರಿಗಳು ಸಂಸ್ಥೆಯ ಬೊಂಬೆಗಳಾಗಿರುವವರೆಗೆ ನಾಟಕವು ಉತ್ತಮ ಪಂಕ್ತಿಯದು. ಆದರೆ ಆ ಬೊಂಬೆಗಳಲ್ಲೊಂದಕ್ಕೆ ಅಂದಿನ ಮಿಲಾನಿನ ಪ್ರೇಕ್ಷಕರೆಲ್ಲರೂ ಗುರುತಿಸಬಹುದಾದ ಒಂದು ಮುಖವಿದ್ದಿತು. 1972ರ ಮೇ 17ರಂದು ಕಲಾಬ್ರೇಸಿಯನ್ನು ಅವನ ಮನೆಯ ಮುಂದೆ ಗುಂಡಿಕ್ಕಿ ಕೊಂದರು. ಬಹುವರ್ಷಗಳ ಮೇಲೆ, ಅವನನ್ನು ಪತ್ರಿಕೆಯಲ್ಲಿ ದೂಷಿಸಿದ ಪಂಥಕ್ಕೇ ಸೇರಿದ್ದ ಕೆಲವರಿಗೆ ಆ ಕೊಲೆಗಾಗಿ ಶಿಕ್ಷೆಯಾಯಿತು. ಪಿನೆಲ್ಲಿ ಬಿದ್ದಾಗ ಕಲಾಬ್ರೇಸಿ ಆ ಕೊಠಡಿಯಲ್ಲಿರಲಿಲ್ಲವೆಂದು 1975ರ ತೀರ್ಮಾನವು ಹೇಳಿತು.

ಇದರ ಹೊಣೆಯನ್ನು ನಾಟಕದ ಮೇಲೆ ಹೊರಿಸುವುದು ಅತಿರೇಕವೇ ಸರಿ. ನಗೆಯು ಬಂದೂಕನ್ನು ಹಿಡಿಯುವುದಿಲ್ಲ. ಆದರೆ ವಿಮರ್ಶೆಯು ಕೇಳಬೇಕಾದ ಪ್ರಶ್ನೆ ಬೇರೆ. ಕೃತಿಯ ತತ್ತ್ವವೇನು? ಕಛೇರಿಯಲ್ಲಿ ಒಬ್ಬನು ಸತ್ತಾಗ ಕೊಂದುದು ಕಛೇರಿಯೇ. ಅಲ್ಲಿ ಕುಳಿತವರನ್ನು ಬದಲಾಯಿಸಿದರೂ ಕಿಟಕಿಯು ಉಳಿಯುತ್ತದೆ ಎಂಬುದಲ್ಲವೆ? ಹಗರಣದ ಸಿದ್ಧಾಂತದ ಅರ್ಥವೂ ಅದೇ. ಹಾಗಿದ್ದಮೇಲೆ ಒಬ್ಬ ಅಧಿಕಾರಿಯತ್ತ ಬೆರಳು ತೋರಿಸಿ ನಗಿಸುವುದು ನಾಟಕವು ತಾನೇ ಹಾಕಿಕೊಂಡ ನಿಯಮಕ್ಕೆ ವಿರುದ್ಧವಾಗುತ್ತದೆ. ರಾಜ್ಯವು ಕರ್ತೃವನ್ನು ಮರೆಯಿಸಿತು. ಪ್ರತಿಭಟಿಸಿದವರು ಅವಸರದಲ್ಲಿ ಒಬ್ಬ ಕರ್ತೃವನ್ನು ಗೊತ್ತುಮಾಡಿದರು. ಫೋ ಈ ಎರಡರ ನಡುವೆ ಹುಚ್ಚನಂತೆ ಪ್ರಶ್ನೆಯನ್ನು ಮಾತ್ರ ಹಿಡಿದು ನಿಂತಿರುವಲ್ಲಿ ಗೆದ್ದಿದ್ದಾನೆ. ಉತ್ತರವನ್ನು ಸೂಚಿಸಲು ಹೋದಲ್ಲಿ ಕುಂದಿದ್ದಾನೆ.

ನಾಟಕದ ಮುಕ್ತಾಯವು ಈ ದೃಷ್ಟಿಯಿಂದ ಪ್ರಶಂಸನೀಯವಾದುದು. ದೀಪಗಳು ಆರುತ್ತವೆ, ಕೂಗೊಂದು ಕೇಳುತ್ತದೆ. ಬೆಳಕು ಬಂದಾಗ ಹುಚ್ಚನೂ ಕಿಟಕಿಯಿಂದ ಬಿದ್ದಿದ್ದಾನೆ. ಅ‌ಷ್ಟರಲ್ಲಿ ಬಾಗಿಲಿನಲ್ಲಿ ನಿಜವಾದ ನ್ಯಾಯಾಧೀಶನು ಬಂದು ನಿಲ್ಲುತ್ತಾನೆ. ಪಾತ್ರವನ್ನು ಆಡುವವನು ಅದೇ ನಟ. ಅಧಿಕಾರಿಗಳು ಅವನನ್ನು ಹುಚ್ಚನೆಂದೇ ತಿಳಿದು, ಅಲ್ಲವೆಂದು ಅರಿತು ಕಂಗಾಲಾಗುತ್ತಾರೆ. ಎಲ್ಲವೂ ಮೊದಲಿನಿಂದ ಆರಂಭವಾಗಬೇಕು. 1979ರಲ್ಲಿ ಗ್ಯಾವಿನ್ ರಿಚರ್ಡ್ಸ್ ಇದನ್ನು ಇಂಗ್ಲಿಷ್ ರಂಗಭೂಮಿಗೆ ಅಳವಡಿಸಿದಾಗ ಈ ಮುಕ್ತಾಯವನ್ನು ತೆಗೆದು, ಬಾಂಬಿನೊಡನೆ ಕಟ್ಟಿಹಾಕಲ್ಪಟ್ಟ ಪೋಲೀಸರನ್ನು ಲೇಖಕಿಯು ಬಿಟ್ಟುಹೋದರೆ ಒಂದು ಗತಿ, ಬಿಡಿಸಿದರೆ ಇನ್ನೊಂದು ಗತಿ ಎಂದು ಎರಡು ಅಂತ್ಯಗಳನ್ನು ಜೋಡಿಸಿದನು. ಲಂಡನ್ನಿನಲ್ಲಿ ಅದು ಬಹಳ ದಿನ ನಡೆಯಿತು. ಜಾಣತನವಿದ್ದರೂ ಅದು ಪ್ರೇಕ್ಷಕನಿಗೆ ಆಯ್ಕೆಯ ಸುಖವನ್ನು ಕೊಡುತ್ತದೆ; ಮೂಲದಲ್ಲಿ ಆ ಸುಖವೂ ಇಲ್ಲ.

ಮಿಲಾನಿನ ಫೊಂತಾನಾ ಚೌಕದಲ್ಲಿ ಪಿನೆಲ್ಲಿಯ ನೆನಪಿಗೆ ಇಂದು ಎರಡು ಶಿಲಾಫಲಕಗಳಿವೆ. ವಿದ್ಯಾರ್ಥಿಗಳೂ ಪ್ರಜಾಸತ್ತಾವಾದಿಗಳೂ ನಿಲ್ಲಿಸಿದ ಮೊದಲಿನ ಫಲಕದಲ್ಲಿ ಅವನು ನಿರಪರಾಧಿಯಾಗಿ ಕೊಲ್ಲಲ್ಪಟ್ಟನೆಂದಿದ್ದಿತು. 2006ರಲ್ಲಿ ನಗರಾಡಳಿತವು ಅದನ್ನು ತೆಗೆಯಿಸಿ, ನಿರಪರಾಧಿಯಾಗಿ ದಾರುಣವಾಗಿ ಸತ್ತನೆಂಬ ಅರ್ಥದ ಬೇರೊಂದು ಫಲಕವನ್ನು ಇರಿಸಿತು. ಕೆಲಕಾಲದಲ್ಲಿಯೇ ಹಳೆಯ ಮಾತಿನ ಫಲಕವನ್ನೂ ಅದರ ಪಕ್ಕದಲ್ಲಿ ಮತ್ತೆ ನಿಲ್ಲಿಸಿದರು. ‘ನಿರಪರಾಧಿ’ ಎಂಬ ಪದವು ಎರಡರಲ್ಲಿಯೂ ಇದೆ. ಕ್ರಿಯಾಪದವು ಒಂದರಲ್ಲಿ ಅಕರ್ಮಕ, ಇನ್ನೊಂದರಲ್ಲಿ ಕರ್ಮಣಿ ಪ್ರಯೋಗ. ಕರ್ಮಣಿ ಪ್ರಯೋಗದ ವಾಕ್ಯದಲ್ಲಿಯೂ ತೃತೀಯಾ ವಿಭಕ್ತಿಯ ಸ್ಥಾನವು ಬರಿದಾಗಿಯೇ ಇದೆ.